ಗೌರವ್ವನ ಉಂಡಿ

ಇರಕಲ್ಲಗಡದ ಸುತ್ತಿನ ಹಳ್ಳಿಗಳಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ. ತಾಯಿ ಮಗುವಿಗೆ ಎರಡು ತುತ್ತು ಹೆಚ್ಚು ತುರುಕಿದರೆ, ಅತ್ತೆ ಅಳಿಯನನ್ನು ಅತಿಯಾಗಿ ಉಪಚರಿಸಿದರೆ, "ಹುಷಾರ ಮತ್ತ, ಗೌರವ್ವನ ಉಂಡಿ ಆದೀತು" ಅನ್ನುತ್ತಾರೆ. ಹಾಗೆಂದರೇನು ಎಂದು ಕೇಳಿದರೆ ಕಥೆಯನ್ನೂ ಹೇಳುತ್ತಾರೆ. ಗೌರವ್ವ ಎಂಬಾಕೆಗೆ ಮನೆಯ ಕುದುರೆಯ ಮೇಲೆ ಪ್ರಾಣ. ಪ್ರೀತಿ ಉಕ್ಕಿ ಬೆಲ್ಲದ ಉಂಡೆ ಕಟ್ಟಿ ಬಾಯಿಗಿಟ್ಟಳು. ಉಂಡೆ ಗಂಟಲಲ್ಲಿ ಸಿಕ್ಕಿತು, ಕುದುರೆ ಸತ್ತಿತು. ಹೇಳಿದವರೂ ನಗುತ್ತಾರೆ, ಕೇಳಿದವರೂ ನಗುತ್ತಾರೆ.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಗೌರವ್ವ ನನಗೆ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಅದಕ್ಕೇ ಪಕ್ಷ ಹಿಡಿಯುತ್ತಾನೆ ಎನ್ನುವವರು ಅನ್ನಲಿ. ಕುದುರೆ ಸತ್ತಾಗ ನಾನು ಆ ಮನೆಯಲ್ಲಿದ್ದೆ. ಈ ಮಾತಾಡುವವರನ್ನು ಹಿಡಿದು ನಿಲ್ಲಿಸಿ ಆ ಕುದುರೆಯ ಬಣ್ಣ ಯಾವುದಿತ್ತು ಎಂದು ಕೇಳಿ ನೋಡಿದ್ದೇನೆ. ಒಬ್ಬ ಬಿಳಿ ಅಂದ, ಇನ್ನೊಬ್ಬ ಕರಿ ಅಂದ. ಅದು ಕೆಂದು ಬಣ್ಣದ ಹೆಣ್ಣು ತಟ್ಟು. ಎಡಗಿವಿಯ ತುದಿ ಹರಿದಿತ್ತು. ಹೆಸರು ಶಾಣಿ. ಬಣ್ಣ ಗೊತ್ತಿಲ್ಲದವರಿಗೆ ಅದರ ಗಂಟಲಲ್ಲಿ ಏನು ಸಿಕ್ಕಿತ್ತು ಎಂಬುದು ಮಾತ್ರ ಖಚಿತವಾಗಿ ಗೊತ್ತು!

ಹೋದ ತಿಂಗಳು ಕಾರಹುಣ್ಣಿಮೆಗೆ ಊರಿಗೆ ಹೋದೆ. ಅಂಗಳಕ್ಕೆ ಕಾಲಿಡುತ್ತಲೇ ದನದ ಕೊಟ್ಟಿಗೆಯ ಕಡೆಯಿಂದ ವಾಸನೆ ಬಂತು. ಬೆಲ್ಲದ ಪಾಕಕ್ಕೆ ಅಜವಾನ ಬಿದ್ದಾಗ ಏಳುವ ವಾಸನೆ, ಅದರ ಹಿಂದೆ ಬೆಂದ ಹುರಳಿಯದು. ನಾನು ಚೀಲ ಇಳಿಸದೆ ಅಲ್ಲೇ ನಿಂತೆ. ಆ ಮನೆಯಲ್ಲಿ ಆ ವಾಸನೆ ಸತ್ತು ಐದು ವರ್ಷವಾಗಿತ್ತು.

ಐದು ವರ್ಷದ ಹಿಂದಿನ ಮಾತು, ಯುದ್ಧದ ಕಾಲ ಅದು. ಗದಗಿನಲ್ಲಿ ಮ್ಯಾಟ್ರಿಕ್ ಪರೀಕ್ಷೆ ಬರೆದು, ಫಲಿತಾಂಶ ಬರುವವರೆಗೆ ದಿನ ದೂಡಲು ನಿಜಾಮರ ಸೀಮೆಯಲ್ಲಿದ್ದ ಊರಿಗೆ ಬಂದಿದ್ದೆ. ಅಪ್ಪ ಗದಗಿನ ಅರಳೆ ಜಿನ್ನಿನಲ್ಲಿ ಕೆಲಸಕ್ಕಿದ್ದುದರಿಂದ ನಾನು ಬೆಳೆದದ್ದು ಅಲ್ಲಿ. ಶಾಲೆಯ ಚರ್ಚಾಕೂಟದಲ್ಲಿ ಪರ ಕೊಟ್ಟರೂ ವಿರೋಧ ಕೊಟ್ಟರೂ ಗೆದ್ದು ಬರುತ್ತಿದ್ದೆ. ಗಡಿಯ ನಾಕೆಯಲ್ಲಿ ನಿಜಾಮರ ಸಿಪಾಯಿ ನನ್ನ ಪುಸ್ತಕದ ಗಂಟನ್ನು ಬಿಚ್ಚಿಸಿದಾಗ ಅವನ ಜೊತೆಗೂ ವಾದ ಹೂಡಿ ಬಿಸಿಲಲ್ಲಿ ನಿಂತಿದ್ದೆ. ಊರು ಮುಟ್ಟಿದಾಗ ದೊಡ್ಡವ್ವ ನನ್ನ ಮುಖ ನೋಡಿ ಹೇಳಿದ್ದು, "ಬಿಸಲಾಗ ಮಾತಾಡಿ ಬಂದಿ ಅನಸ್ತೈತಿ. ತುಟಿ ಒಡದಾವ. ಬಾ, ಮಜ್ಜಿಗಿ ಕುಡಿ."

ಆ ಮನೆಯಲ್ಲಿ ಎರಡು ಒಲೆಗಳಿದ್ದವು. ಒಂದು ಅಡುಗೆಮನೆಯದು. ಇನ್ನೊಂದು ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲಿಟ್ಟು ಮಾಡಿದ್ದು, ದನಗಳಿಗೆಂದೇ. ದೊಡ್ಡವ್ವ ಬೆಳಿಗ್ಗೆ ಮೊದಲು ಹಚ್ಚುತ್ತಿದ್ದುದು ಆ ಒಲೆ. ಎತ್ತುಗಳಿಗೆ ಶೇಂಗಾ ಹಿಂಡಿ ನೆನೆಸಿ ಜೋಳದ ನುಚ್ಚಿನ ಜೊತೆ ಕಲಸಿದ ಮುದ್ದೆ. ಹಿಂಡುವ ಎಮ್ಮೆಗೆ ಹತ್ತಿಕಾಳು, ಮೆಂತೆ. ಆಡುಗಳಿಗೆ ಜಾಲಿಕಾಯಿಯನ್ನು ಉಪ್ಪು ಹಾಕಿ ಜಜ್ಜಿದ್ದು. ಶಾಣಿಗೆ ಮಾತ್ರ ಹುರಳಿ ಬೇಯಿಸಿ ಅರೆದು, ಸಜ್ಜೆ ಹಿಟ್ಟು, ಅಜವಾನ, ಒಣಶುಂಠಿ, ಚೂರು ಬೆಲ್ಲದ ಪಾಕ ಹಾಕಿ ಕಟ್ಟಿದ ಉಂಡೆ. ಎಲ್ಲಕ್ಕೂ ಪಡಿತರವಿದ್ದ ಕಂಟ್ರೋಲಿನ ದಿನಗಳಲ್ಲಿ ಬೆಲ್ಲ ಎಲ್ಲಿಂದ ಬರಬೇಕು? ಆಕೆ ಹಬ್ಬದ ದಿನವೂ ಸಿಹಿ ಮುಟ್ಟದೆ ತನ್ನ ಪಾಲಿನದನ್ನು ಗಡಿಗೆಯಲ್ಲಿ ಕೂಡಿಡುತ್ತಿದ್ದಳು. ಬೀದಿಯವರಿಗೆ ಅದು ಗೊತ್ತಿತ್ತು, ಸಹಿಸಲಾಗುತ್ತಿರಲಿಲ್ಲ. ಮಕ್ಕಳ ಬಾಯಿಗಿಲ್ಲದ ಬೆಲ್ಲ ಕುದುರೆಯ ಬಾಯಿಗೆ ಹೋಗುತ್ತದೆ ಎಂದು ಬಾವಿಯ ಬಳಿ ಆಡಿಕೊಳ್ಳುತ್ತಿದ್ದರು. ಹಾಗೆ ಆಡಿದವರೇ, ತಮ್ಮ ಎಮ್ಮೆ ಈಯಲು ಕುಳಿತರೆ, "ಗೌರವ್ವನ್ನ ಕರೀರಿ, ಆಕಿ ಕೈಗುಣ ಛಲೋ ಐತಿ" ಎಂದು ಆಳು ಕಳಿಸುತ್ತಿದ್ದರು. ಈದ ಎಮ್ಮೆಗೆ ಆಕೆಯ ಕೈಯ ಸಜ್ಜೆ ಗಂಜಿ ಬಿದ್ದರೇ ಹಾಲು ಇಳಿಯುತ್ತದೆ ಎಂಬ ನಂಬಿಕೆ.

ನನಗೆ ಈ ಕೈಗುಣದ ಮಾತು ಹಿಡಿಸಲಿಲ್ಲ. ದನಕ್ಕೆ ಹಸಿವು ಗೊತ್ತು, ರುಚಿ ಗೊತ್ತಿಲ್ಲ, ಪ್ರೀತಿಯಂತೂ ಮನುಷ್ಯರು ಅದರ ಮೇಲೆ ಹೊರಿಸಿದ್ದು ಎಂದು ವಾದ ತೆಗೆದೆ. ಆಕೆ ಉಂಡೆ ಕಟ್ಟುತ್ತಲೇ ಕೇಳಿಸಿಕೊಂಡಳು.

"ನಿನ್ನೆ ಸಾರಿಗೆ ಉಪ್ಪು ಹಾಕೋದು ಮರತಿದ್ದೆ. ಗಮ್ಮನ ಉಂಡು ಎದ್ದು ಹ್ವಾದಿ. ಎಮ್ಮಿ ಆಗಿದ್ರ ಬೋಗಾಣಿ ಒದೀತಿತ್ತು. ರುಚಿ ಯಾರಿಗೆ ಗೊತ್ತಿಲ್ಲ ತಮ್ಮಾ?"

ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದ ಬಸಣ್ಣ ಕಾಕಾ ಬಿದ್ದು ಬಿದ್ದು ನಕ್ಕ. ಗದಗಿನ ಸಾಲಿಯಲ್ಲಿ ಇದಕ್ಕೆ ಉತ್ತರ ಕಲಿಸಿಲ್ಲವೇನು ಎಂದು ವಾರಗಟ್ಟಲೆ ಕಾಡಿದ.

ಬಸಣ್ಣ ಕಾಕಾ ಅಪ್ಪನ ಕೊನೆಯ ತಮ್ಮ, ನನಗಿಂತ ಸ್ವಲ್ಪ ದೊಡ್ಡವನು. ಅವನಿನ್ನೂ ತೊಡರುಗಾಲಿಡುತ್ತಿದ್ದಾಗ ನಮ್ಮ ಅಜ್ಜಿ ಹೋದಳು. ಆಗಷ್ಟೇ ಸೊಸೆಯಾಗಿ ಬಂದಿದ್ದ ಗೌರವ್ವ ಅವನನ್ನು ಸೊಂಟಕ್ಕೇರಿಸಿಕೊಂಡಳು, ಇಳಿಸಲೇ ಇಲ್ಲ. ಆಕೆಗೆ ಮಕ್ಕಳಾಗಲಿಲ್ಲ. ಅಣ್ಣನ ಹೆಂಡತಿಯನ್ನು ಎಲ್ಲರೂ ವೈನಿ ಅಂದರೆ ಅವನು ಅವ್ವ ಅನ್ನುತ್ತಿದ್ದ.

ಕಾಕಾನಿಗೆ ಎತ್ತೆಂದರೆ ಹುಚ್ಚು. ಹಿಂದಿನ ವರ್ಷದ ಕಾರಹುಣ್ಣಿಮೆಯಲ್ಲಿ ಕರಿ ಹರಿಯುವ ಎತ್ತಿನ ಓಟಕ್ಕೆ ಮನೆಯ ಎತ್ತನ್ನು ಕಲ್ಲುನೆಲದ ಮೇಲೆ ಓಡಿಸಿದ್ದರಿಂದ ಅದು ಕಾಲು ಮುರಿದುಕೊಂಡಿತ್ತು. ಆವತ್ತು ದೊಡ್ಡಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಹೊಸ್ತಿಲನ್ನು ತೋರಿಸಿ, "ಇನ್ನೊಂದು ದನ ನಿನ್ನ ಕೈಯಾಗ ಕೆಡ್ತಂದ್ರ ಇದನ್ನ ದಾಟಿ ಹೋಗಬೇಕ ನೀ. ತಿರುಗಿ ಬರಬ್ಯಾಡ" ಅಂದಿದ್ದರಂತೆ. ದೊಡ್ಡಪ್ಪ ಆಡಿದ್ದನ್ನು ಮಾಡುವ ಮನುಷ್ಯ. ಒಂದು ಮಾತಿಗಾಗಿ ತನ್ನ ಸ್ವಂತ ಭಾವನ ಜೊತೆ ಮಾತು ಬಿಟ್ಟವರು, ಆತನ ಹೆಣದ ಮುಂದೆಯೂ ಬಾಯಿ ತೆರೆದಿರಲಿಲ್ಲ. ಇದು ಮನೆಯವರಿಗೆಲ್ಲ ಗೊತ್ತು. ದೊಡ್ಡವ್ವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಶಾಣಿ ದೊಡ್ಡಪ್ಪನ ಕುದುರೆ. ಬಟ್ಟೆಯ ಗಂಟನ್ನು ಹೇರಿಕೊಂಡು ಅವರು ಕುಷ್ಟಗಿ, ಯಲಬುರ್ಗಾ ಸಂತೆಗಳಿಗೆ ಹೋಗುತ್ತಿದ್ದರು. ಎತ್ತಿನವರ ಮನೆಗೆ ಮೊದಲ ಬಾರಿ ಕುದುರೆ ಬಂದಿತ್ತು. ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಯಾರಿಗೂ ಸರಿಯಾಗಿ ತಿಳಿಯದು. ಎತ್ತಿಗೆ ಏನು ಮಾಡುತ್ತಾರೋ ಅದನ್ನೇ ಇದಕ್ಕೂ ಮಾಡುತ್ತಿದ್ದರು. ದೊಡ್ಡವ್ವ ಮಾತ್ರ ಒಂದು ವಿಷಯದಲ್ಲಿ ಹಟ ಹಿಡಿದಿದ್ದಳು. ಎತ್ತಿಗೆ ಉಂಡೆಯನ್ನು ಇಡಿಯಾಗಿ ಬಾಯಿಗೆ ತುರುಕಬಹುದು, ಕುದುರೆಗೆ ತುರುಕಬಾರದು. ಕಟ್ಟಿದ ಉಂಡೆಯನ್ನು ಅಂಗೈ ಮೇಲಿಟ್ಟು, ಹೆಬ್ಬೆರಳಿಂದ ಒತ್ತಿ ಒಡೆದು, ಪುಡಿ ಮಾಡಿ, ಕೈಯನ್ನು ತಟ್ಟೆಯಂತೆ ಹಿಡಿಯುವಳು. ಶಾಣಿ ತುಟಿಯಿಂದ ಒಂದೊಂದೇ ಚೂರು ಆರಿಸುವುದು. ಒಡೆಯುವುದಾದರೆ ಕಟ್ಟುವುದೇಕೆ ಎಂದು ನಾನು ಕೇಳಿದ್ದೆ. "ಅದಕ್ಕ ನೋಡಾಕ ಬೇಕು, ತನಗೂ ಒಂದು ಉಂಡಿ ಐತಿ ಅಂತ" ಅಂದಳು. ತರ್ಕಕ್ಕೆ ನಿಲ್ಲದ ಮಾತು. ಆದರೆ ಉಂಡೆ ಕಂಡೊಡನೆ ಶಾಣಿ ಮುಂಗಾಲು ಕೆದರುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಆ ವರ್ಷದ ಬೇಸಿಗೆ ಶಾಣಿಯನ್ನು ಹಿಂಡಿತ್ತು. ಕಾರಹುಣ್ಣಿಮೆಯ ಹೊತ್ತಿಗೆ ಪಕ್ಕೆಲುಬು ಎಣಿಸುವಂತಾಗಿತ್ತು. ಮೊದಲ ಮಳೆ ಬಿದ್ದು ಎರೆಹೊಲದ ವಾಸನೆ ಊರೊಳಗೆ ನುಗ್ಗಿದ್ದರೂ ಹಸಿ ಹುಲ್ಲು ಏಳಲು ಇನ್ನೂ ದಿನ ಬೇಕಿತ್ತು. ಕಾಕಾ ಅದರ ಬೆನ್ನು ಸವರಿ, ಇದು ಹೀಗೇ ಆದರೆ ಕುಷ್ಟಗಿ ದಾರಿಯಲ್ಲಿ ಕುಸಿಯುತ್ತದೆ ಎಂದು ಮರುಗುತ್ತಿದ್ದ. ಅವನ ಮರುಕ ಸುಳ್ಳಲ್ಲ. ಅದನ್ನು ನಾನು ಇಂದಿಗೂ ಒಪ್ಪುತ್ತೇನೆ.

ಹುಣ್ಣಿಮೆಯ ದಿನ ನಸುಕಿನಲ್ಲೇ ದೊಡ್ಡವ್ವ ಉಂಡೆ ಕಟ್ಟಿ ಎಲ್ಲಕ್ಕೂ ತಿನ್ನಿಸಿದಳು. ಶಾಣಿಯ ಹಗ್ಗ ಹಿಡಿದು ನಿಂತವನು ನಾನೇ. ಒಡೆದಳು, ಪುಡಿ ಮಾಡಿದಳು, ಶಾಣಿ ಅಂಗೈ ನೆಕ್ಕಿತು, ಆಮೇಲೆ ಆಕೆಯ ಸೆರಗಿನ ಗಂಟಿಗೆ ಮೂಗು ಹಾಕಿತು. ಅಷ್ಟರಲ್ಲಿ ಹೊಲದ ಮನೆಯವರೊಬ್ಬರ ಎಮ್ಮೆ ಈಯಲು ಕಷ್ಟಪಡುತ್ತಿದೆ ಎಂದು ಕರೆ ಬಂತು, ಆಕೆ ಹೋದಳು. ದೊಡ್ಡಪ್ಪ ಹಿರಿಯರ ಜೊತೆ ಊರಬಾಗಿಲ ಅಗಸಿಯ ಕಡೆ ಹೋದರು. ನಾನು ಎತ್ತುಗಳ ಓಟ ನೋಡಲು ಹೋದೆ. ಕೊಟ್ಟಿಗೆಯಲ್ಲಿ ಉಳಿದವನು ಕಾಕಾ ಒಬ್ಬನೇ. ಎತ್ತುಗಳಿಗೆ ಗೊಟ್ಟ ಹಾಕುವ ಕೆಲಸ ಅವನದು.

ಗೊಟ್ಟ ಎಂದರೆ ಒಂದು ತುದಿಯನ್ನು ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ಕಾರಹುಣ್ಣಿಮೆಯಲ್ಲಿ ಶೇಂಗಾ ಎಣ್ಣೆ, ಅರಿಶಿನ, ತತ್ತಿ ಕದಡಿ ಅದರಲ್ಲಿ ತುಂಬುತ್ತಾರೆ. ಎತ್ತಿನ ನಾಲಿಗೆ ಎಳೆದು ಹಿಡಿದು, ತಲೆ ಮೇಲೆತ್ತಿ, ಗಂಟಲಿಗೆ ಸುರಿಯುತ್ತಾರೆ. ಬಿತ್ತನೆಯ ದುಡಿಮೆಗೆ ಎತ್ತಿಗೆ ಕಸುವು ಬರಲೆಂದು ಹಿಂದಿನಿಂದ ನಡೆದು ಬಂದ ಪದ್ಧತಿ.

ಸಂಜೆ ನಾನು ಮರಳಿದಾಗ ಶಾಣಿ ಕೆಮ್ಮುತ್ತಿತ್ತು. ಕುದುರೆ ಕೆಮ್ಮುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಅದರ ಮೂಗಿನಿಂದ ನೊರೆ ಇಳಿದಿತ್ತು. ಒರೆಸಲು ಹೋದ ನನ್ನ ಕೈಗೆ ಜಿಡ್ಡು ಹತ್ತಿತು. ಮೂಸಿ ನೋಡಿದರೆ ಶೇಂಗಾ ಎಣ್ಣೆ, ಬಟ್ಟೆಗೆ ಒರೆಸಿದರೆ ಹಳದಿ. ಗ್ವಾದಲಿಯ ಕೆಳಗೆ, ಶಾಣಿ ಮೇವು ತಿನ್ನುವ ಜಾಗದಲ್ಲಿ, ಗೊಟ್ಟ ಬಿದ್ದಿತ್ತು. ಎತ್ತಿಕೊಂಡೆ. ಓರೆ ತುದಿಯ ಹತ್ತಿರ ಹಲ್ಲಿನ ಗುರುತು, ಕೆಳಗೂ ಮೇಲೂ. ಎತ್ತಿನ ಮೇಲ್ದವಡೆಯಲ್ಲಿ ಮುಂಹಲ್ಲು ಇರುವುದಿಲ್ಲ ಎಂಬುದು ಊರಿನ ಚಿಕ್ಕ ಹುಡುಗರಿಗೂ ಗೊತ್ತು.

ದೊಡ್ಡವ್ವ ಶಾಣಿಯ ಹತ್ತಿರದಿಂದ ಏಳಲಿಲ್ಲ. ಬಿಸಿ ಬೂದಿಯ ಗಂಟು ಕಟ್ಟಿ ಎದೆಗೆ ಶಾಖ ಕೊಟ್ಟಳು. ಅಂಗೈ ಮೇಲೆ ಉಂಡೆಯ ಪುಡಿ ಹಿಡಿದು ಕುಳಿತಳು. ಶಾಣಿ ಮೂಗನ್ನು ಅಂಗೈಯಲ್ಲಿಟ್ಟು ಉಸಿರುಬಿಡುತ್ತಿತ್ತು, ತುಟಿ ಆಡಿಸಲಿಲ್ಲ. ಆ ಉಸಿರಿಗೆ ಪುಡಿಯೆಲ್ಲ ನೆಲಕ್ಕೆ ಹಾರಿತು. ಮೂರನೆಯ ದಿನ ಅದು ಮಲಗಿದ್ದು ಏಳಲಿಲ್ಲ.

ಜನ ಕೂಡಿದರು. ಉಂಡೆ ಸಿಕ್ಕಿಕೊಂಡಿದೆ ಎಂದು ಮೊದಲು ಯಾರು ಅಂದರೋ ನೆನಪಿಲ್ಲ. ಅಂದಕೂಡಲೇ ಎಲ್ಲರಿಗೂ ಹೌದೆನ್ನಿಸಿತು. ಬೆಲ್ಲದ ಮೇಲಿನ ಹೊಟ್ಟೆಕಿಚ್ಚಿಗೆ ಅಂತೂ ಒಂದು ನ್ಯಾಯ ಸಿಕ್ಕಿತ್ತು. ಮರುದಿನ ಮನೆಯ ಮುಂದಿನ ಕಟ್ಟೆಯ ಮೇಲೆ ಹಿರಿಯರು ದೊಡ್ಡಪ್ಪನನ್ನು ಮಾತಾಡಿಸಲು ಕುಳಿತಾಗ ಅದೇ ಮಾತು ಮತ್ತೆ ಎದ್ದಿತು. ನಾನು ಗೊಟ್ಟ ಹಿಡಿದು ಅವರ ಮುಂದೆ ನಿಂತೆ.

ಚೆನ್ನಾಗಿ ವಾದಿಸಿದೆ. ಹುಣ್ಣಿಮೆಯ ದಿನ ಹಗ್ಗ ಹಿಡಿದವನು ನಾನು, ಉಂಡೆ ಪುಡಿಯಾದದ್ದನ್ನು ನನ್ನ ಕಣ್ಣಿಂದ ನೋಡಿದ್ದೇನೆ ಎಂದೆ. ಗಂಟಲು ಕಟ್ಟಿದ ಕುದುರೆ ಮೂರು ದಿನ ಉಸಿರಾಡುತ್ತದೆಯೇ ಎಂದು ಕೇಳಿದೆ. ಉಂಡೆಯಲ್ಲಿ ಎಣ್ಣೆ ಇರುವುದಿಲ್ಲ, ಮೂಗಿನಲ್ಲಿ ಎಣ್ಣೆ ಹೇಗೆ ಬಂತು? ಗೊಟ್ಟದಿಂದ ಸುರಿದದ್ದು ಗಂಟಲು ತಪ್ಪಿ ಎದೆಗೆ ಇಳಿದಿದೆ ಎಂದೆ. ಒಬ್ಬ ಹಿರಿಯರು ಗೊಟ್ಟವನ್ನು ಇಸಿದುಕೊಂಡು ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದರು. ದೊಡ್ಡಪ್ಪ ತಲೆ ಎತ್ತಿ, ಆವತ್ತು ಗೊಟ್ಟ ಹಿಡಿದವರು ಯಾರು ಎಂದು ಕೇಳಲು ಬಾಯಿ ತೆರೆದದ್ದನ್ನು ನಾನು ಕಂಡೆ.

ಅಷ್ಟರಲ್ಲಿ ಹೊಸ್ತಿಲಿನಿಂದ ದೊಡ್ಡವ್ವ ಮಾತಾಡಿದಳು. ಗಂಡಸರು ಕುಳಿತ ಕಟ್ಟೆಯ ಮುಂದೆ ಆಕೆ ಎಂದೂ ಮಾತಾಡಿದವಳಲ್ಲ.

"ಹುಡುಗ ಖರೇನ ಹೇಳಾಕತ್ತಾನ್ರಿ, ಅವ ನೋಡಿದ್ದಷ್ಟು. ಅವ ಹಗ್ಗ ಬಿಟ್ಟು ಒಳಗ ಹ್ವಾದ ಮ್ಯಾಲೆ ನಾ ಇನ್ನೊಂದು ಉಂಡಿ ಕೊಟ್ಟೆ. ಹೊಲದ ಮನಿಗೆ ಹೋಗು ಅವಸರ ಇತ್ತು. ಒಡೀಲಿಲ್ಲ. ಇಡೀದ ಬಾಯಾಗ ಇಟ್ಟೆ."

"ಎಣ್ಣಿ?" ಎಂದರು ದೊಡ್ಡಪ್ಪ.

"ಗಂಟಲ ಸಡ್ಲ ಆಗ್ಲಿ ಅಂತ ಆಮ್ಯಾಲೆ ನಾನ ಹಾಕಿದೆ."

ಚರ್ಚಾಕೂಟದಲ್ಲಿ ಎದುರಾಳಿ ಸುಳ್ಳು ಹೇಳಿದರೆ ಹಿಡಿಯುವುದನ್ನು ಕಲಿಸಿದ್ದರು. ಯಾರ ಪರ ನಿಂತು ಮಾತಾಡುತ್ತಿದ್ದೇನೋ ಆಕೆಯೇ ತನ್ನ ಮೇಲೆ ಸುಳ್ಳು ಹೇಳಿಕೊಂಡರೆ ಏನು ಮಾಡಬೇಕು? ನಾನು ಆಕೆಯ ಮುಖ ನೋಡಿದೆ. ಆಕೆ ನನ್ನನ್ನು ನೋಡಲಿಲ್ಲ. ಆಕೆಯ ಕಣ್ಣು ಅಂಗಳದ ಆಚೆ ತುದಿಗೆ ಹೋಗಿ ಬಂತು. ಅಲ್ಲಿ ಬಸಣ್ಣ ಕಾಕಾ ಎತ್ತಿನ ಮೂಗುದಾಣ ಹಿಡಿದು ನಿಂತಿದ್ದ. ಎತ್ತಿನ ಗೊರಸನ್ನೇ ನೋಡುತ್ತಿದ್ದ.

ದೊಡ್ಡಪ್ಪ ಎದ್ದು ಕೊಟ್ಟಿಗೆಗೆ ಹೋದರು. ಮೂಲೆಯ ಒಲೆಯ ಮೂರು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ತಂದು ತಿಪ್ಪೆಯ ಆಚೆಯ ಕಳ್ಳಿಬೇಲಿಗೆ ಎಸೆದರು. ಇನ್ನು ಈ ಮನೆಯ ದನಕ್ಕೆ ಅವಳ ಕೈ ತಾಗಬಾರದು ಅಂದರು. ಅಷ್ಟೇ ಅಂದದ್ದು.

ಆಮೇಲೆ ನಾನು ಅಡುಗೆಮನೆಗೆ ಹೋಗಿ ಜಗಳಾಡಿದೆ. ಯಾಕೆ ಸುಳ್ಳು ಹೇಳಿದೆ, ನಾನು ಗೆದ್ದಿದ್ದೆ ಎಂದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಗೆದ್ದು ಏನ ಮಾಡ್ತಿದ್ದಿ? ಶಾಣಿ ಎದ್ದು ಬರ್ತಿತ್ತೇನು?" ಅಂದಳು. ರೊಟ್ಟಿಯನ್ನು ಹಂಚಿಗೆ ಹಾಕಿದ ಮೇಲೆ, "ಬಸಣ್ಣ ಮನಿ ಬಿಟ್ಟು ಹೋಗ್ತಿದ್ದ. ಹೋದಾವ ಎಲ್ಲಿ ಉಣ್ತಿದ್ದ ಹೇಳು" ಅಂದಳು.

ಊರಿನಿಂದ ಕರೆ ಬರುವುದು ನಿಂತಿತು. ಎರಡು ಮನೆಯಾಚೆ ಆಕಳು ಈದಾಗಲೂ ಕರೆಯಲಿಲ್ಲ. ಆಕೆಯ ಕೈಗುಣ ಕೆಟ್ಟಿತು ಎಂದು ಅದೇ ಬಾವಿಯ ಬಳಿ ತೀರ್ಮಾನವಾಯಿತು. ಮನುಷ್ಯರು ಹೀಗೆ ಬೇಗ ಕಲಿತರು. ದನಗಳು ಕಲಿಯಲಿಲ್ಲ. ಆಕೆ ಅಂಗಳ ದಾಟಿದರೆ ಎಮ್ಮೆ ಕತ್ತು ಚಾಚುತ್ತಿತ್ತು, ಆಡುಗಳು ಹಗ್ಗ ಜಗ್ಗುತ್ತಿದ್ದವು. ಆಕೆ ದೂರದಿಂದಲೇ ಎರಡೂ ಬರಿಗೈ ಬಿಚ್ಚಿ ತೋರಿಸಿ, "ಇಲ್ಲವ್ವಾ, ಏನಿಲ್ಲ" ಎಂದು ಹೋಗುವಳು. ಎಮ್ಮೆ ಒಮ್ಮೆ ಹಗ್ಗ ಕಿತ್ತುಕೊಂಡು ಬಂದು ಆ ಖಾಲಿ ಅಂಗೈಯನ್ನು ನೆಕ್ಕಿತು. ದನಕ್ಕೆ ರುಚಿ ಗೊತ್ತಿಲ್ಲ ಎಂದು ವಾದಿಸಿದವನು ನಾನು ಅಲ್ಲೇ ನಿಂತಿದ್ದೆ.

ಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಕಾಕಾ ಕೆರೆಯಿಂದ ಎರೆಮಣ್ಣು ತಂದು ಆಕೆಯ ಮುಂದೆ ಇಟ್ಟು ಹೊಲಕ್ಕೆ ಹೋದ. ಪೂಜೆಗೆ ಬೇಕಾದ ಜೋಡೆತ್ತು, ಗ್ವಾದಲಿ, ಎಲ್ಲ ಮಾಡಿ ಮುಗಿಸಿದಳು. ಸ್ವಲ್ಪ ಮಣ್ಣು ಉಳಿಯಿತು. ನಾನು ಎದುರಿಗೆ ಕುಳಿತಿದ್ದೆ, ಆಕೆಗೆ ಅದರ ಅರಿವಿರಲಿಲ್ಲ. ಕೈ ತನ್ನಷ್ಟಕ್ಕೆ ಆಡತೊಡಗಿತು. ದೊಡ್ಡ ಉಂಡೆ ಕಟ್ಟಿ ಬದಿಗಿಟ್ಟಳು, ಎತ್ತಿನ ಬಾಯಿಯ ಅಳತೆ. ಅದರ ಪಕ್ಕ ಎಮ್ಮೆಯದು. ಸಣ್ಣವು ಆಡಿನವು. ಕೊನೆಗೆ ಇನ್ನೊಂದು ಕಟ್ಟಿದಳು, ಅಂಗೈ ಮೇಲಿಟ್ಟುಕೊಂಡಳು, ಹೆಬ್ಬೆರಳಿಂದ ಒತ್ತಿ ಒಡೆದಳು. ಹಸಿ ಮಣ್ಣು ಪುಡಿಯಾಗಲಿಲ್ಲ. ಚೂರು ಚೂರು ಮಾಡಿ, ಕೈಯನ್ನು ತಟ್ಟೆಯಂತೆ ಚಾಚಿ, ಹಾಗೇ ಕುಳಿತಳು. ಅವಸರದಲ್ಲಿ ಒಡೆಯಲಿಲ್ಲ ಎಂದು ಕಟ್ಟೆಯ ಮುಂದೆ ಹೇಳಿದ ಕೈ ಅದು. ಕಲ್ಪನೆಯ ಕುದುರೆಗೂ ಇಡೀ ಉಂಡೆ ಕೊಡಲಾರದ ಕೈ.

ನಾನು ಎದ್ದು ಹೊರಗೆ ಹೋದೆ. ಆ ವಾರ ಫಲಿತಾಂಶ ಬಂತು, ಗದಗಿಗೆ ಹೊರಟೆ. ಶ್ರಾವಣದಲ್ಲಿ ಕಾಕಾನಿಗೆ ಕಿನ್ನಾಳದ ಹೆಣ್ಣಿನ ಜೊತೆ ಮದುವೆಯಾಯಿತು. ಅದರ ಮಾರನೆಯ ವರ್ಷ ಊರಿನಲ್ಲಿ ಜ್ವರ ಬಂದಾಗ ದೊಡ್ಡವ್ವ ಹೋದಳು. ಸುದ್ದಿ ನನಗೆ ಮುಟ್ಟಿದಾಗ ಮಣ್ಣಾಗಿ ವಾರ ಕಳೆದಿತ್ತು. ಉಂಡಿಯ ಮಾತು ಮಾತ್ರ ಆಕೆಗಿಂತ ಗಟ್ಟಿಯಾಗಿ ಬದುಕಿತು, ಊರಿಂದೂರಿಗೆ ನಡೆಯಿತು.

ಈಗ ನಿಜಾಮರ ರಾಜ್ಯ ಹೋಗಿದೆ, ಗಡಿಯ ನಾಕೆಯಲ್ಲಿ ಪುಸ್ತಕ ಬಿಚ್ಚಿಸುವವರಿಲ್ಲ. ದೊಡ್ಡಪ್ಪನಿಗೆ ಕಣ್ಣು ಮಂಜು, ಪಡಸಾಲೆಯಿಂದ ಏಳುವುದು ಕಡಿಮೆ. ಹೋದ ತಿಂಗಳು ಆ ವಾಸನೆ ಹಿಡಿದು ಕೊಟ್ಟಿಗೆಗೆ ನಡೆದರೆ, ಅದೇ ಮೂಲೆಯಲ್ಲಿ ಒಲೆ ಉರಿಯುತ್ತಿತ್ತು. ಕಾಕಾನ ಹೆಂಡತಿ, ಹಿಂದೆ ಶಾಣಿಗೆ ಮಾಡುತ್ತಿದ್ದ ಉಂಡೆಯನ್ನೇ ಎತ್ತುಗಳಿಗೆ ಕಟ್ಟುತ್ತಿದ್ದಳು, ಕಾಕಾ ಪಕ್ಕದಲ್ಲಿ ಕುಳಿತು ಹೇಗೆ ಕಟ್ಟಬೇಕೆಂದು ಹೇಳಿಕೊಡುತ್ತಿದ್ದ. ಎಷ್ಟು ಅಜವಾನ, ಯಾವ ಹದಕ್ಕೆ ಪಾಕ, ಎಲ್ಲ ಅವನಿಗೆ ನೆನಪಿತ್ತು. ಆಕೆ ಬೆಲ್ಲವನ್ನು ಇನ್ನೊಂದು ಹಿಡಿ ಹಾಕಲು ಹೋದಾಗ ಅವನು ನಗುತ್ತ ಕೈ ತಡೆದ.

"ಸಾಕಬೇ, ಗೌರವ್ವನ ಉಂಡಿ ಮಾಡ್ತಿಯೇನು?"

ಮಾತು ಬಾಯಿಂದ ಹೊರಬಿದ್ದ ಮೇಲೆ ನಾನು ನಿಂತಿದ್ದನ್ನು ಕಂಡ. ನಗು ಮುಖದ ಮೇಲೇ ಉಳಿಯಿತು, ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಯಾವಾಗ ಬಂದಿ, ಕೈಕಾಲು ತೊಳಕೋ ಎಂದೆಲ್ಲ ಮಾತಾಡಿದ. ನಾನು ಒಲೆಯ ಕಲ್ಲುಗಳನ್ನು ನೋಡುತ್ತಿದ್ದೆ. ಹೊಸ ಕಲ್ಲುಗಳಲ್ಲ. ಹಿಂಬದಿಗೆ ಮಣ್ಣು, ಕಳ್ಳಿಯ ಹಾಲಿನ ಒಣಗಿದ ಕಲೆ. ಒಳಬದಿಗೆ ಆವತ್ತಿನ ಬೆಂಕಿ ಮುಟ್ಟದ ಕಡೆಯೂ ಮಸಿ ಇತ್ತು, ಹಳೆಯ ಮಸಿ. ಬೇಲಿಯಲ್ಲಿ ಅವು ಎಲ್ಲಿ ಬಿದ್ದಿದ್ದವು ಎಂಬುದು ಅವನಿಗೆ ಇಷ್ಟು ವರ್ಷವೂ ಗೊತ್ತಿತ್ತು.

ಗೊಟ್ಟದ ಮಾತನ್ನು ನಾನು ಎತ್ತಲಿಲ್ಲ. ಅದು ಅಜ್ಞಾನ, ಎತ್ತಿನವರು ಕುದುರೆಗೆ ಮಾಡುವ ತಪ್ಪು, ಯಾರ ಕೈಯಿಂದಲೂ ಆಗಬಹುದಿತ್ತು. ಕಟ್ಟೆಯ ಮುಂದೆ ಸುಮ್ಮನೆ ನಿಂತದ್ದನ್ನೂ ಕೇಳಲಿಲ್ಲ; ಭಯ ಎಂದು ಬಿಡಬಹುದು. ಆದರೆ ಅದಾದ ಮೇಲೆ ಆಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದಳು. ದಿನವೂ ಅವನಿಗೆ ರೊಟ್ಟಿ ಬಡಿದು ಹಾಕಿದಳು, ದಿನವೂ ಬರಿಗೈ ತೋರಿಸುತ್ತ ಈ ಅಂಗಳ ದಾಟಿದಳು. ಮೂರು ಕಲ್ಲು ಇಪ್ಪತ್ತು ಮಾರು ದೂರದಲ್ಲಿದ್ದವು.

ಕೇಳಿದ್ದು ಒಂದೇ: "ಕಾಕಾ, ಆಕಿ ಇದ್ದಾಗ ಒಮ್ಮೆರ ನೀ ಆ ಕಲ್ಲು ತಂದು ಆಕಿ ಮುಂದ ಇಟ್ಟಿದ್ದಿಯೇನು?"